ಕತ್ತಲಲ್ಲಿ ಕಾಣೆಯಾಗುವ ಕ್ಲೋರಿನ್

ಸೂರ್ಯ ಮುಳುಗಿದ ಮೇಲೆ ತೊಟ್ಟಿಯ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ಅಳೆಯಿರಿ. ನಸುಕಿನಲ್ಲಿ, ಬಿಸಿಲು ನೀರಿಗೆ ತಾಗುವ ಮೊದಲು, ಮತ್ತೊಮ್ಮೆ ಅಳೆಯಿರಿ. ನಡುವೆ ಯಾರೂ ನೀರಿಗಿಳಿದಿಲ್ಲ, ಒಂದು ಎಲೆಯೂ ಬಿದ್ದಿಲ್ಲ. ಆದರೂ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರಿನ್ ಕಾಣೆಯಾಗಿದ್ದರೆ ಅದನ್ನು ಮುಗಿಸಿದ್ದು ಬಿಸಿಲಲ್ಲ. ಬಹುಮಟ್ಟಿಗೆ ಆ ನೀರಿನಲ್ಲಿ ಯಾವುದೋ ಜೀವ ಇದೆ! ನೀರು ತಿಳಿಯಾಗಿದ್ದರೂ, ತಳದ ಸಿಮೆಂಟು ನಿಚ್ಚಳವಾಗಿ ಕಾಣುತ್ತಿದ್ದರೂ, ಇದೆ. ಈಜುಕೊಳ ನೋಡಿಕೊಳ್ಳುವವರಲ್ಲಿ ಬಳಕೆಯಲ್ಲಿರುವ ಈ ಪರೀಕ್ಷೆ ಇಷ್ಟು ಸರಳ, ಇಷ್ಟು ಖಚಿತ ಎಂದು ತಿಳಿದಾಗ ನಾನು ಬೆರಗಾಗಿ ಕೂತೆ.

ಮುಂಡರಗಿ ಸೀಮೆಯಲ್ಲಿ, ಕಪ್ಪತಗುಡ್ಡದ ಸೆರಗಿನ ಹಿರೇವಡ್ಡಟ್ಟಿಯಂಥ ಊರಿನಲ್ಲಿ, ಮನೆಯ ಈಜುಕೊಳ ಎಂದರೆ ನೀಲಿ ಟೈಲ್ಸ್ ಹಾಸಿದ ಕೊಳ ಎಂದುಕೊಳ್ಳಬೇಡಿ. ಹೊಲದಲ್ಲಿ ಬೋರಿನ ಪಕ್ಕ ಕಟ್ಟಿದ ಸಿಮೆಂಟ್ ತೊಟ್ಟಿಯೇ ಇಲ್ಲಿಯ ಈಜುಕೊಳ. ಕರೆಂಟು ಬಂದಾಗ ತುಂಬುತ್ತದೆ, ಬೇಸಿಗೆ ರಜೆಯಲ್ಲಿ ಹುಡುಗರು ಅದರಲ್ಲಿ ಬಿದ್ದು ಹೊರಳಾಡುತ್ತಾರೆ, ಆಮೇಲೆ ಅದೇ ನೀರು ಉಳ್ಳಾಗಡ್ಡಿಗೋ ಮೆಣಸಿನಕಾಯಿಗೋ ಹರಿಯುತ್ತದೆ. (ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದಲ್ಲಿ ಮಾತ್ರ ಮಕ್ಕಳನ್ನು ಇಳಿಸಲೇಬೇಡಿ. ಆ ಜಾರುವ ಇಳಿಜಾರನ್ನು ಹತ್ತಿ ಬರಲು ಈಜು ಬಲ್ಲವರಿಗೂ ಆಗುವುದಿಲ್ಲ.) ಈ ತೊಟ್ಟಿಯ ನೆರಳಿನ ಗೋಡೆಗೆ ಒಂದು ದಿನ ಅರಿಶಿನ ಉದುರಿಸಿದಂತೆ ಹಳದಿ ಪುಡಿ ಅಂಟಿರುತ್ತದೆ. ಕೈಯಿಂದ ಒರೆಸಿದರೆ ಹೊಗೆಯಂತೆ ಎದ್ದು ನೀರಿನಲ್ಲಿ ಕರಗಿದ ಹಾಗೆ ಕಾಣುತ್ತದೆ. ನಾಲ್ಕಾರು ದಿನದಲ್ಲಿ ಮತ್ತೆ ಅದೇ ಗೋಡೆ, ಅದೇ ಮೂಲೆ, ಅದೇ ಹಳದಿ!

ಗಾಳಿಗೆ ಬಂದ ಮಣ್ಣಾಗಿದ್ದರೆ ಅದು ತಳದ ತಗ್ಗಿನಲ್ಲಿ ಎಲ್ಲ ಕಡೆ ಕೂರಬೇಕಿತ್ತು. ಇದು ಹಾಗಲ್ಲ. ಬಿಸಿಲು ಕಡಿಮೆ ಬೀಳುವ ಗೋಡೆ, ಮೆಟ್ಟಿಲ ಸಂದು, ಪೈಪಿನ ಹಿಂಬದಿ, ಹೀಗೆ ಆರಿಸಿಕೊಂಡು ಕೂರುತ್ತದೆ. ಇದೇ ಹಳದಿ ಪಾಚಿ.

ಈಜುಕೊಳದವರು ಈ ಒಂದೇ ಹೆಸರಿನಿಂದ ಕರೆಯುವುದು ಒಂದಕ್ಕಿಂತ ಹೆಚ್ಚು ಬಗೆಯ ಜೀವಿಗಳನ್ನು. ಜೀವಶಾಸ್ತ್ರದಲ್ಲಿ ಹಳದಿ-ಹಸಿರು ಪಾಚಿಗಳದ್ದೇ ಒಂದು ವರ್ಗವಿದೆ, ಕ್ಸಾಂತೋಫೈಸೀ ಎಂದು. ಅವುಗಳ ಕತೆ ಕೇಳಿದರೆ ತೊಟ್ಟಿಯ ಗೋಡೆಯನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ. ಎಷ್ಟೋ ಕೋಟಿ ವರ್ಷಗಳ ಹಿಂದೆ ಇವುಗಳ ಪೂರ್ವಜ ಜೀವಕೋಶವೊಂದು ಒಂದು ಕೆಂಪು ಪಾಚಿಯನ್ನು ನುಂಗಿತು. ನುಂಗಿತು, ಆದರೆ ಅರಗಿಸಿಕೊಳ್ಳಲಿಲ್ಲ! ಹೊಟ್ಟೆಯೊಳಗೇ ಇಟ್ಟುಕೊಂಡು ಬೆಳಕಿನಿಂದ ಅನ್ನ ಮಾಡುವ ಕೆಲಸಕ್ಕೆ ಹಚ್ಚಿತು. ಆ ನುಂಗಿದ ಗುರುತು ಇಂದಿಗೂ ಉಳಿದಿದೆ. ಗಿಡದ ಹಸಿರುಕಣಕ್ಕೆ ಎರಡು ಪೊರೆಗಳಿದ್ದರೆ ಇವುಗಳ ಬಣ್ಣದ ಕಣದ ಸುತ್ತ ನಾಲ್ಕು ಪೊರೆಗಳಿವೆ. ಅದೇ ಕುಲದ ದಾಯಾದಿ ಡಯಾಟಮ್. ಗಾಜಿಗೆ ಮೂಲವಾದ ಸಿಲಿಕಾದಿಂದಲೇ ತನಗೆ ಚಿಪ್ಪು ಕಟ್ಟಿಕೊಳ್ಳುವ ಈ ಒಂಟಿಕೋಶದ ಪಾಚಿ ಜಗತ್ತಿನ ಒಟ್ಟು ದ್ಯುತಿಸಂಶ್ಲೇಷಣೆಯ ಸುಮಾರು ಐದನೇ ಒಂದು ಪಾಲನ್ನು ನಡೆಸುತ್ತದೆ. ನಾವು ಎಳೆದುಕೊಳ್ಳುವ ಉಸಿರಿನಲ್ಲಿ ಅದರ ಪಾಲಿದೆ!

ಇನ್ನೂ ಒಂದು ಅಚ್ಚರಿಯಿದೆ. ಸತ್ತ ಡಯಾಟಮ್‌ಗಳ ಚಿಪ್ಪು ಲಕ್ಷಾಂತರ ವರ್ಷ ತಳದಲ್ಲಿ ಕೂತು ಬಿಳಿ ಮಣ್ಣಾಗುತ್ತದೆ. ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್ ಮಾಡಿದ್ದು ಈ ಮಣ್ಣಿಗೆ ನೈಟ್ರೋಗ್ಲಿಸರಿನ್ ಕುಡಿಸಿ. ಈಜುಕೊಳಗಳ ಅತಿ ಸೂಕ್ಷ್ಮ ಸೋಸುಕದಲ್ಲಿ ಇರುವುದೂ ಇದೇ ಮಣ್ಣು. ಮರಳಿನ ಸೋಸುಕ ಸುಮಾರು 20ರಿಂದ 40 ಮೈಕ್ರಾನ್ ಗಾತ್ರದ ಕಣ ಹಿಡಿದರೆ ಇದು ಐದಾರು ಮೈಕ್ರಾನ್‌ನದನ್ನೂ ಹಿಡಿಯುತ್ತದೆ. ಪಾಚಿಯನ್ನು ಸೋಸಿ ತೆಗೆಯುವುದು ಪಾಚಿಯದೇ ಅಸ್ಥಿ!

ಸರಿ, ತೊಟ್ಟಿಯ ನೀರನ್ನೆಲ್ಲ ಹೊರಗೆ ಬಿಟ್ಟು ಗೋಡೆ ತಿಕ್ಕಿದರೆ ಮುಗಿಯಿತಲ್ಲ ಎನ್ನಬಹುದು. ಹಾಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಕುಡಿಯುವ ನೀರಿಗೆ ಶುದ್ಧೀಕರಣ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವ ತಾಲ್ಲೂಕು ಇದು. ಇಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಪಾತಾಳದಿಂದ ಎತ್ತಿದ 20,000 ಲೀಟರ್ ನೀರನ್ನು ಒಂದು ಚಿಟಿಕೆ ಹಳದಿ ಪುಡಿಗಾಗಿ ಚೆಲ್ಲುವುದು ಅನ್ಯಾಯ. ನೀರು ಚೆಲ್ಲದೆಯೇ ಗೆಲ್ಲಬಹುದು.

ಗುಟ್ಟು ಇರುವುದು ನಮ್ಮ ಬೋರಿನ ನೀರಿನ ಗುಣದಲ್ಲೇ! ನೀರಿಗೆ ಕ್ಲೋರಿನ್ ಬಿದ್ದಾಗ ಎರಡು ರೂಪ ತಾಳುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ಇನ್ನೊಂದು ಹೈಪೋಕ್ಲೋರೈಟ್ ಅಯಾನ್. ಮೊದಲನೆಯದಕ್ಕೆ ವಿದ್ಯುದಂಶವಿಲ್ಲ, ಜೀವಕೋಶದ ಗೋಡೆ ದಾಟಿ ಸಲೀಸಾಗಿ ಒಳಗೆ ನುಗ್ಗುತ್ತದೆ. ಎರಡನೆಯದಕ್ಕೆ ಋಣ ವಿದ್ಯುದಂಶವಿದೆ, ಜೀವಕೋಶದ ಮೈಗೂ ಋಣವೇ. ಹಾಗಾಗಿ ಅದನ್ನು ಗೋಡೆಯೇ ಆಚೆ ತಳ್ಳುತ್ತದೆ. ಕೊಲ್ಲುವ ಬಲದಲ್ಲಿ ಎರಡಕ್ಕೂ ಹತ್ತಾರು ಪಟ್ಟು ಅಂತರ. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್. ಪಿಎಚ್ 7.2 ಇದ್ದಾಗ ಸುಮಾರು ಮೂರನೇ ಎರಡು ಪಾಲು ಬಲಶಾಲಿ ರೂಪದಲ್ಲಿರುತ್ತದೆ. 7.5ಕ್ಕೆ ಅರ್ಧ. 8ಕ್ಕೆ ಏರಿದರೆ ಕಾಲು ಪಾಲಿಗೂ ಕಡಿಮೆ. 8.5ಕ್ಕೆ ಹತ್ತನೇ ಒಂದು ಪಾಲೂ ಇಲ್ಲ! ಈ ಕಡೆಯ ಬೋರಿನ ನೀರು ಗಡಸು, ಕ್ಷಾರದ ಕಡೆಗೇ ವಾಲಿದ್ದು. ಸಾಲದ್ದಕ್ಕೆ ಹೊಸ ಸಿಮೆಂಟಿನ ಸುಣ್ಣವೂ ಅದಕ್ಕೆ ಸೇರುತ್ತದೆ. ಚೀಲಗಟ್ಟಲೆ ಬ್ಲೀಚಿಂಗ್ ಪುಡಿ ಸುರಿದರೂ ಹಳದಿ ಪಾಚಿ ಜಗ್ಗದಿರಲು ಇದೇ ಕಾರಣ. ಔಷಧ ನೀರಿನಲ್ಲಿದೆ, ಆದರೆ ಕೈಕಟ್ಟಿ ನಿಂತಿದೆ.

ಆದ್ದರಿಂದ ಮೊದಲು ಪಿಎಚ್ ಇಳಿಸಬೇಕು. ಹನಿ ನೀರಾವರಿಯ ಪೈಪು ಕಟ್ಟಿಕೊಂಡಾಗ ಆಮ್ಲ ಹಾಯಿಸಿ ತೊಳೆಯುವ ರೈತರಿಗೆ ಈ ಕೆಲಸ ಹೊಸದಲ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಸುರಿದು, ಕಲಕಿ, ಅಳೆದು, 7.2ರ ಹತ್ತಿರಕ್ಕೆ ತರಬೇಕು. ಆಮ್ಲ ಹಾಕಿದ ಮೇಲೆ ನೀರು ಚೆನ್ನಾಗಿ ಕಲೆತು ತಾಸುಗಳು ಕಳೆಯಲಿ, ಆಮೇಲೆ ಕ್ಲೋರಿನ್. ಇವೆರಡನ್ನೂ ಒಂದೇ ಬಕೆಟ್ಟಿನಲ್ಲಿ ಎಂದೂ ಸೇರಿಸಬೇಡಿ. ಹೊಮ್ಮುವ ವಿಷಾನಿಲ ಜೀವ ತೆಗೆಯುತ್ತದೆ. ಪಿಎಚ್ ಮೊದಲೇ ಅಳೆಯಲು ಇನ್ನೊಂದು ಕಾರಣವೂ ಇದೆ. ಕ್ಲೋರಿನ್ ಬಹಳ ಏರಿದ ಮೇಲೆ ಅದು ಪರೀಕ್ಷೆಯ ಹನಿಯ ಬಣ್ಣವನ್ನೇ ಕೆಡಿಸಿ ಸುಳ್ಳು ಅಂಕಿ ತೋರಿಸುತ್ತದೆ.

ಇನ್ನು ತಿಕ್ಕುವುದು. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ. ಪಾಚಿ ತನ್ನ ಸುತ್ತ ಲೋಳೆಯ ಹೊದಿಕೆ ನೇಯ್ದುಕೊಂಡು ಕೂತಿರುತ್ತದೆ. ಕ್ಲೋರಿನ್ ಆ ಲೋಳೆಯೊಂದಿಗೆ ಹೋರಾಡುತ್ತಲೇ ಖರ್ಚಾಗಿಬಿಡುತ್ತದೆ, ಒಳಗಿನ ಕೋಶ ಬದುಕಿಕೊಳ್ಳುತ್ತದೆ. ಬ್ರಶ್ಶಿನಿಂದ ಗೋಡೆ, ಮೂಲೆ, ಮೆಟ್ಟಿಲು, ಪೈಪಿನ ಹಿಂಬದಿ ಎಲ್ಲವನ್ನೂ ತಿಕ್ಕಿದರೆ ಹೊದಿಕೆ ಹರಿದು ಅದು ಬಯಲಿಗೆ ಬೀಳುತ್ತದೆ.

ಆಮೇಲೆ, ಸಂಜೆ, ಕ್ಲೋರಿನ್. ಸಂಜೆಯೇ ಏಕೆ? ನಡುಹಗಲ ಬಿಸಿಲಿನ ನೇರಳಾತೀತ ಕಿರಣ ಒಂದು ತಾಸಿನೊಳಗೆ ನೀರಿನ ಕ್ಲೋರಿನ್‌ನ ಹೆಚ್ಚುಕಡಿಮೆ ಅರ್ಧವನ್ನು ಒಡೆದುಹಾಕುತ್ತದೆ. ಕತ್ತಲಲ್ಲಿ ಇಡೀ ರಾತ್ರಿ ಅದಕ್ಕೆ ಸಿಗುತ್ತದೆ! ಲೀಟರಿಗೆ 10 ಮಿಲಿಗ್ರಾಂ ಬೇಕೆಂದರೆ 20,000 ಲೀಟರಿಗೆ 200 ಗ್ರಾಂ ಕ್ಲೋರಿನ್. ಶೇಕಡಾ 10ರ ದ್ರವ ಹೈಪೋಕ್ಲೋರೈಟ್ ಆದರೆ 2 ಲೀಟರ್, ಶೇಕಡಾ 30ರ ಬ್ಲೀಚಿಂಗ್ ಪುಡಿಯಾದರೆ ಮುಕ್ಕಾಲು ಕಿಲೋಗೆ ತುಸು ಕಡಿಮೆ. ನನ್ನ ಒಲವು ದ್ರವದ ಕಡೆಗೆ. ಬ್ಲೀಚಿಂಗ್ ಪುಡಿ ಗಡಸು ನೀರಿಗೆ ಇನ್ನಷ್ಟು ಸುಣ್ಣ ಸೇರಿಸಿ ಗೋಡೆಗೆ ಬಿಳಿ ಪರೆ ಕಟ್ಟಿಸುತ್ತದೆ. ಅಂಗಡಿಯಲ್ಲಿ ಸಿಗುವ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳು ಬೇರೊಂದು ತೊಡಕು ತರುತ್ತವೆ. ಅವುಗಳೊಡನೆ ಬರುವ ಸಯನ್ಯೂರಿಕ್ ಆಮ್ಲ ಕ್ಲೋರಿನ್‌ಗೆ ಬಿಸಿಲಿನಿಂದ ಕೊಡೆ ಹಿಡಿಯುತ್ತದೆ ನಿಜ, ಆದರೆ ಅದರ ಬಲವನ್ನೂ ಹಿಡಿದಿಡುತ್ತದೆ, ಮತ್ತು ನೀರಿನಲ್ಲೇ ಉಳಿದು ಬೆಳೆಯುತ್ತ ಹೋಗುತ್ತದೆ. ಅದು ಲೀಟರಿಗೆ 30 ಮಿಲಿಗ್ರಾಂ ಇದ್ದರೂ ಹಳದಿ ಪಾಚಿಗೆ 18ರಿಂದ 20 ಮಿಲಿಗ್ರಾಂ ಕ್ಲೋರಿನ್ ಬೇಕಾಗುತ್ತದೆ. ಮಾತ್ರೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸೇರಿಸಿದರೆ ಸ್ಫೋಟವಾಗಬಹುದು, ಎಚ್ಚರ.

ಈ ಬ್ಲೀಚಿಂಗ್ ಪುಡಿ ಹುಟ್ಟಿದ್ದಾದರೂ ನೀರಿಗಾಗಿಯಲ್ಲ, ನೇಕಾರರಿಗಾಗಿ! ಬೆಟಗೇರಿಯ ಮಗ್ಗಗಳ ಜಿಲ್ಲೆಯವರು ಇದನ್ನು ತಿಳಿದಿರಬೇಕು. ಕ್ಲೋರಿನ್ ಅನಿಲವನ್ನು ಸ್ವೀಡನ್ನಿನ ಷೀಲೆ 1774ರಲ್ಲಿ ತಯಾರಿಸಿದ. ಬಟ್ಟೆಯನ್ನು ಬಿಳುಪು ಮಾಡಲು ವಾರಗಟ್ಟಲೆ ಬಿಸಿಲಿಗೆ ಹಾಸುತ್ತಿದ್ದ ಕಾಲದಲ್ಲಿ, ಸ್ವತಃ ನೇಯ್ಗೆ ಬಲ್ಲ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಕುಡಿಸಿದ ಪುಡಿಗೆ 1799ರಲ್ಲಿ ಹಕ್ಕುಪತ್ರ ಪಡೆದ. ಅಮೆರಿಕದ ಜರ್ಸಿ ಸಿಟಿಯ ಕುಡಿಯುವ ನೀರಿಗೆ 1908ರಲ್ಲಿ ಅದನ್ನು ನಿತ್ಯವೂ ಬೆರೆಸಲು ಶುರುಮಾಡಿದರು. ಗ್ರಾಮ ಪಂಚಾಯ್ತಿಯವರು ಇವತ್ತು ಓವರ್‌ಹೆಡ್ ಟ್ಯಾಂಕಿಗೆ ಹಾಕುವುದು ಅದನ್ನೇ.

ಮೈಲುತುತ್ತ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಬೀಳುವ ಅದೇ ನೀಲಿ ಹರಳು ಪಾಚಿಯನ್ನೂ ಕೊಲ್ಲುತ್ತದೆ ಎಂದು ಅಮೆರಿಕದ ಮೂರ್ ಮತ್ತು ಕೆಲ್ಲರ್‌ಮನ್ 1904ರಲ್ಲೇ ತೋರಿಸಿದ್ದರು. ಆದರೆ ತಾಮ್ರ ಬಿಸಿಲಿಗೆ ಆರಿಹೋಗುವುದಿಲ್ಲ. ಗೋಡೆಗೆ ಕಲೆ ಹತ್ತುತ್ತದೆ, ತೊಟ್ಟಿಯ ಮೀನು ಸಾಯುತ್ತದೆ, ಹೊಲದ ಮಣ್ಣಿಗೆ ಸೇರಿ ಅಲ್ಲೇ ಉಳಿಯುತ್ತದೆ. ನೀರು ಬೆಳೆಗೆ ಹೋಗುವ ಕಡೆ ನಾನಂತೂ ಬೇಡವೆನ್ನುತ್ತೇನೆ. ಕ್ಲೋರಿನ್ ಕೂಡ ಮೀನಿಗೆ ವಿಷವೇ. ಮೀನು ಬಿಟ್ಟ ತೊಟ್ಟಿಗೆ ಈ ಉಪಾಯ ಹೊಂದುವುದಿಲ್ಲ.

ಪಾಚಿ ಓಡಿಹೋಗಿ ಅಡಗುವ ತಾಣಗಳನ್ನು ಮರೆಯಬಾರದು. ಬ್ರಶ್ಶು, ಬಕೆಟ್ಟು, ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯುವ ಡಬ್ಬಿ, ಟ್ಯೂಬು ಎಲ್ಲವನ್ನೂ ಅದೇ ಕ್ಲೋರಿನ್ ನೀರಿನಲ್ಲಿ ಮುಳುಗಿಸಿ. ಈಜುವ ಚಡ್ಡಿಯನ್ನು ಒಗೆದು ಬಿಸಿಲಿಗೆ ಒಣಹಾಕಿ. ಒಂದು ಒದ್ದೆ ಚಡ್ಡಿ ಸಾಕು, ಪಕ್ಕದ ಹೊಲದ ತೊಟ್ಟಿಯಿಂದ ಪಾಚಿ ಮತ್ತೆ ಬಂದಿಳಿಯಲು!

ಪ್ರತಿ ಸಂಜೆ ತಿಕ್ಕಿ, ಕ್ಲೋರಿನ್ ಮತ್ತೆ 10ಕ್ಕೆ ಏರಿಸಿ. ಈಜುಕೊಳದ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್ಟಿನಿಂದ ಸಂಜೆಗೊಮ್ಮೆ, ನಸುಕಿಗೊಮ್ಮೆ ಅಳೆಯಿರಿ. ಅಂಕಿ ಕಿಟ್ಟಿನ ಅಳತೆ ಮೀರಿದರೆ ತೊಟ್ಟಿಯ ಒಂದು ಪಾಲು ನೀರಿಗೆ ಶುದ್ಧೀಕರಣ ಘಟಕದ ಮೂರು ಪಾಲು ನೀರು ಬೆರೆಸಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿ. ಮೊದಲ ರಾತ್ರಿಗಳಲ್ಲಿ ಕ್ಲೋರಿನ್ ಸರಸರ ಇಳಿಯುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಇಳಿತ ಕಡಿಮೆಯಾಗುತ್ತದೆ. ನಸುಕಿನ ಅಂಕಿಗೂ ಸಂಜೆಯ ಅಂಕಿಗೂ ಇರುವ ಅಂತರ 1 ಮಿಲಿಗ್ರಾಂ ಒಳಗೆ ಬಂದಾಗ, ಗೋಡೆ ಒರೆಸಿದರೂ ಹಳದಿ ಹೊಗೆ ಏಳದಿದ್ದಾಗ, ಅದು ಸತ್ತಿದೆ! ಆದರೂ ಇನ್ನೊಂದು ರಾತ್ರಿ ಹಾಗೆಯೇ ಇಡಿ. ಆಮೇಲೆ ಏನೂ ಬೆರೆಸದೆ ಬಿಸಿಲಿಗೆ ಬಿಟ್ಟರೆ ಸಾಕು, ಕ್ಲೋರಿನ್ ತಾನಾಗಿ ಇಳಿಯುತ್ತದೆ. ಅದು 3 ಮಿಲಿಗ್ರಾಂಗೆ ಇಳಿದ ಮೇಲೆ ಹುಡುಗರನ್ನು ನೀರಿಗಿಳಿಸಿ, ಪೂರ್ತಿ ಆರಿದ ಮೇಲೆ ಉಳ್ಳಾಗಡ್ಡಿ ಮಡಿಗೆ ನೀರು ಬಿಡಿ.