ಧ್ವನಿವರ್ಧಕದ ‘ಗುಂಯ್’

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಎಲ್ಲಿಯ ಸಮಾರಂಭವೇ ಇರಲಿ, ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ ಹಾಡಿಗಿಂತ ಮೊದಲು ‘ಗುಂಯ್’ ಎಂಬ ದನಿ ಕೇಳುವದುಂಟು. ಬೈಗುಳು ಮಾತ್ರ ಬಡಪಾಯಿ ಸ್ಪೀಕರಿಗೆ! ಅವೆರಡನ್ನೂ ಬೇರೆ ಬೇರೆ ಗೋಡೆಯ ಸಾಕೆಟ್ಟಿಗೆ ಹಚ್ಚಿದರೆ, ಎರಡು ಕಡೆಯ ಅರ್ಥಿಂಗಿನ ವ್ಯತ್ಯಾಸದಿಂದ ಅಲ್ಪ ವಿದ್ಯುತ್ತು ಆಡಿಯೋ ತಂತಿಯಲ್ಲಿ ಹರಿಯುವದು. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂದಿಗೆ 50, ಅದೇ ಗುಂಯ್‌ಗುಡುವದು.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿರಿ. ದನಿ ನಿಂತರೆ ದೋಷ ಬಹುಮಟ್ಟಿಗೆ ಇಲ್ಲಿಯದೇ. ಎರಡನ್ನೂ ಒಂದೇ ಬೋರ್ಡಿಗೆ ಹಚ್ಚಬೇಕು; ಸಾಲದಿದ್ದರೆ ಆಡಿಯೋ ತಂತಿಯ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೂಡಿಸಬೇಕು.

ಕೆಲವರು ಆಂಪ್ಲಿಫೈಯರಿನ ಪ್ಲಗ್ಗಿನ ದಪ್ಪನೆಯ ಮೂರನೆಯ ಪಿನ್ನನ್ನೇ ಮುರಿಯುವರು. ಗುಂಯ್ ನಿಲ್ಲುವದು ನಿಜ. ಆದರೆ ಒಳಗಿನ ಫೇಜ್ ತಂತಿ ಎಂದಾದರೂ ಹೊರತಗಡಿಗೆ ತಾಗಿದರೆ ಫ್ಯೂಜು ಹಾರುವದಿಲ್ಲ; ವಿದ್ಯುತ್ತು ಮೈಕು ಹಿಡಿದವನ ಮೈಯಿಂದ ನೆಲಕ್ಕಿಳಿಯುವದು.