ಬೇರುಗಂಟಿನ ಬಿಡಾರಗಳು

ಪೇಟೆಯಿಂದ ತಂದ ಮೆಂತ್ಯದ ಸೊಪ್ಪಿನ ಕಟ್ಟನ್ನು ಬಿಡಿಸಿ, ಬೇರುಗಳನ್ನು ಕತ್ತರಿಸಿ ಎಸೆಯುವುದು ನಮ್ಮೆಲ್ಲರ ಮನೆಗಳ ವಾಡಿಕೆ. ಎಸೆಯುವ ಮುನ್ನ ಒಂದು ಬೇರನ್ನು ನೀರಿನಲ್ಲಿ ಮೆಲ್ಲನೆ ತೊಳೆದು ನೋಡಿದರೆ, ಸಾಸಿವೆಯಷ್ಟು ಚಿಕ್ಕ ಗಂಟುಗಳು ಅದಕ್ಕೆ ಅಲ್ಲಲ್ಲಿ ಅಂಟಿಕೊಂಡಿರುವುದು ಎಷ್ಟೋ ವೇಳೆ ಕಾಣುತ್ತದೆ. ರೋಗವೆಂದು ಬೆದರಬೇಕಾಗಿಲ್ಲ. ಅವು ಸೂಕ್ಷ್ಮಾಣುಗಳಿಗೆ ಗಿಡವೇ ಕಟ್ಟಿಕೊಟ್ಟ ಬಿಡಾರಗಳು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡಗಳಿಗೆ ಅದು ನೇರವಾಗಿ ದಕ್ಕದು. ಅದರ ಪರಮಾಣುಗಳು ಎರಡೆರಡಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತವನ್ನು ಬಿಡಿಸಲು ಗೊಬ್ಬರದ ಕಾರ್ಖಾನೆಗಳಲ್ಲಿ 400 ಡಿಗ್ರಿಯಷ್ಟು ಉಷ್ಣವನ್ನೂ ವಾಯುಮಂಡಲದ ನೂರು ಪಟ್ಟಿಗೆ ಮೀರಿದ ಒತ್ತಡವನ್ನೂ ಬಳಸುವರು. ಬೇರುಗಂಟಿನ ಜೀವಿಗಳಾದರೋ ಅದೇ ಕೆಲಸವನ್ನು ಹೊಲದ ಮಣ್ಣಿನ ಸಾಮಾನ್ಯ ಉಷ್ಣತೆಯಲ್ಲಿಯೇ ಮಾಡುತ್ತವೆ. ಇದಕ್ಕೆ ಕೂಲಿಯಾಗಿ ಗಿಡವು ಸಕ್ಕರೆಯನ್ನು ಒದಗಿಸುತ್ತದೆ. ಈ ಕೆಲಸ ನಡೆಸುವ ಕಿಣ್ವಕ್ಕೆ ಆಮ್ಲಜನಕವು ಶತ್ರು. ಆದುದರಿಂದ ನಮ್ಮ ರಕ್ತದ ಕೆಂಪು ವಸ್ತುವಿಗೆ ದಾಯಾದಿಯಾದ ಒಂದು ಪದಾರ್ಥವು ಗಂಟಿನೊಳಗೆ ಇದ್ದು, ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತದೆ. ದುಡಿಯುವ ಗಂಟನ್ನು ಕುಯ್ದರೆ ಒಳಗೆ ಕೆಂಪಾಗಿರುವುದು ಇದರಿಂದಲೇ.

ನಮ್ಮ ನಾಡಿನ ರೈತರು ರಾಗಿಯ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುತ್ತ ಬಂದವರು. ದ್ವಿದಳ ಧಾನ್ಯದಿಂದ ನೆಲಕ್ಕೆ ಒಳಿತಾಗುವುದನ್ನು ಅನುಭವವೇ ಅವರಿಗೆ ಕಲಿಸಿತ್ತು. ಅದರ ಕಾರಣವನ್ನು 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಎಂಬ ವಿಜ್ಞಾನಿ ಹೊರಗೆಡಹಿದನು. 1888ರಲ್ಲಿ ಹಾಲೆಂಡಿನ ಬೈಯರಿಂಕನು ಆ ಸೂಕ್ಷ್ಮಾಣುವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು.

ಆದರೆ ಎಲ್ಲ ಗಂಟುಗಳಲ್ಲಿಯೂ ಒಂದೇ ಬಗೆಯ ಸೂಕ್ಷ್ಮಾಣು ಇರುವುದೆಂದು ತಿಳಿದರೆ ನಾವು ಮೋಸಹೋದಂತೆಯೇ. ಕಡಲೆ, ತೊಗರಿಗಳು ನಮ್ಮ ಅಡಿಗೆಮನೆಯಲ್ಲಿ ನೆರೆಹೊರೆಯ ಡಬ್ಬಿಗಳಲ್ಲಿವೆ. ನೆಲದೊಳಗೆ ಮಾತ್ರ ಅವುಗಳ ಸಂಗಾತಿಗಳು ಬೇರೆ ಬೇರೆ. ಕಡಲೆಯದು ಬಹು ಬಿಗಿಯಾದ ನೇಮ. ಮೀಸೋರೈಜೋಬಿಯಂ ಎಂಬ ಕುಲದ ಕೆಲವು ಜಾತಿಗಳನ್ನು ಬಿಟ್ಟು ಇತರರಿಗೆ ಅದು ಬಾಗಿಲು ತೆರೆಯದು. ತೊಗರಿ, ಅಲಸಂದೆ, ಹೆಸರು, ಉದ್ದು, ನೆಲಗಡಲೆಗಳು ಉದಾರಿಗಳು. ಬ್ರಾಡಿರೈಜೋಬಿಯಂ ಕುಲದ ಹತ್ತಾರು ಬಗೆಗಳಲ್ಲಿ ಯಾವುದು ಬಂದರೂ ಬಹುಮಟ್ಟಿಗೆ ಇವು ಸೇರಿಸಿಕೊಳ್ಳುತ್ತವೆ. ‘ಬ್ರಾಡಿ’ ಎಂದರೆ ಗ್ರೀಕ್ ಭಾಷೆಯಲ್ಲಿ ನಿಧಾನ. ಪ್ರಯೋಗಶಾಲೆಯ ತಟ್ಟೆಯಲ್ಲಿ ಇತರ ಬಗೆಗಳು ಮೂರು ನಾಲ್ಕು ದಿನಗಳಲ್ಲಿ ಬೆಳೆದು ಕಣ್ಣಿಗೆ ಕಂಡರೆ, ಇವಕ್ಕೆ ವಾರಕ್ಕೂ ಮಿಕ್ಕ ಕಾಲ ಬೇಕು. ಆದಕಾರಣ 1982ರಲ್ಲಿ ಇವನ್ನು ಬೇರೆ ಕುಲವೆಂದು ಎಣಿಸಿದರು. ಒಳನುಗ್ಗುವ ದಾರಿಯಲ್ಲಿಯೂ ಭೇದವುಂಟು. ಅಲಸಂದೆಯಲ್ಲಿ ಬೇರಿನ ಕೂದಲುಗಳ ಮೂಲಕ ಪ್ರವೇಶ. ನೆಲಗಡಲೆಯಲ್ಲಿ ಕವಲುಬೇರು ಒಡೆದು ಬರುವ ಬಿರುಕಿನಿಂದ.

ನಾವು ಬೆರಳು ತಾಗಿಸಿ ಆಟವಾಡುವ ಮುಟ್ಟಿದರೆ ಮುನಿ ಗಿಡವು ಇನ್ನೂ ಒಂದು ಬೆರಗನ್ನು ಬಚ್ಚಿಟ್ಟುಕೊಂಡಿದೆ. ಗಂಟು ಕಟ್ಟುವ ಜೀವಿಗಳೆಲ್ಲವೂ ಒಂದೇ ದೊಡ್ಡ ವರ್ಗಕ್ಕೆ ಸೇರಿದವೆಂದು ಪಂಡಿತರು ಬಹುಕಾಲ ನಂಬಿದ್ದರು. 2001ರಲ್ಲಿ ಆ ನಂಬಿಕೆ ಮುರಿಯಿತು. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡದ ಗಂಟುಗಳಲ್ಲಿ ತೀರ ಬೇರೆ ವರ್ಗದ ಕುಪ್ರಿಯಾವಿಡಸ್ ಎಂಬ ಸೂಕ್ಷ್ಮಾಣು ನಮ್ಮ ದೇಶದಲ್ಲಿಯೂ ದೊರೆತಿದೆ. ಇಷ್ಟು ದೂರದ ಕುಲಗಳಿಗೆ ಒಂದೇ ವಿದ್ಯೆ ಹೇಗೆ ಬಂದಿತು? ಸೂಕ್ಷ್ಮಾಣುಗಳು ಜೀನುಗಳನ್ನು ಪರಸ್ಪರ ದಾಟಿಸಬಲ್ಲವು. ನ್ಯೂಜಿಲೆಂಡಿನ ಒಂದು ಹುಲ್ಲುಗಾವಲಿನಲ್ಲಿ, ಹೊರಗಿನಿಂದ ತಂದು ಹಾಕಿದ ಸೂಕ್ಷ್ಮಾಣುವು ಗಂಟು ಕಟ್ಟುವ ಜೀನುಗಳನ್ನು ಅಲ್ಲಿನ ನೆಲದ ಸೂಕ್ಷ್ಮಾಣುಗಳಿಗೆ ದಾನಮಾಡಿದ್ದುದು 1995ರಲ್ಲಿ ಬೆಳಕಿಗೆ ಬಂದಿತು.

ಈ ವೈವಿಧ್ಯವು ಪಂಡಿತರ ವಿನೋದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ರೈತನ ಹಣವೂ ಶ್ರಮವೂ ಇದರಲ್ಲಿ ಅಡಗಿವೆ. ಒಳ್ಳೆಯ ತಳಿಯ ಸೂಕ್ಷ್ಮಾಣುಗಳನ್ನು ಪೊಟ್ಟಣಗಳಲ್ಲಿ ಮಾರುವರು. ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. 1960ರ ದಶಕದಿಂದ ಮಧ್ಯಪ್ರದೇಶದಲ್ಲಿ ಸೋಯಾ ಅವರೆಯ ವ್ಯವಸಾಯ ಹಬ್ಬಿದಾಗ, ಹೊಸ ಹೊಲಗಳಲ್ಲಿ ಅದಕ್ಕೆ ಒಪ್ಪುವ ಸೂಕ್ಷ್ಮಾಣು ಬಹುಪಾಲು ಇರಲಿಲ್ಲ. ಅಲ್ಲಿ ಈ ಉಪಾಯ ಫಲಿಸಿತು. ನೆಲಗಡಲೆಯ ಸಂಗತಿಯೇ ಬೇರೆ. ಆ ಗಿಡದ ಔದಾರ್ಯವೇ ಇಲ್ಲಿ ತೊಡಕು. ನೆಲದಲ್ಲಿ ಮೊದಲೇ ಕೋಟ್ಯಂತರ ಸೂಕ್ಷ್ಮಾಣುಗಳು ಬೀಡುಬಿಟ್ಟಿರುತ್ತವೆ. ಪೊಟ್ಟಣದ ಹೊಸಬರು ಬರುವಷ್ಟರಲ್ಲಿ ಬಿಡಾರಗಳು ಭರ್ತಿಯಾಗಿರುತ್ತವೆ. ಹಾಗೆ ತುಂಬಿದವರಲ್ಲಿ ಕೆಲವರು ಸಕ್ಕರೆ ತಿಂದು ಸುಮ್ಮನಿರುವ ಸೋಮಾರಿಗಳು! ಹೀಗಾಗಿ ಯಾವ ಹೊಲದಲ್ಲಿ ಯಾರು ವಾಸವಾಗಿದ್ದಾರೆಂಬುದನ್ನು ಅರಿಯದೆ ಪೊಟ್ಟಣವನ್ನು ಸುರಿದರೆ ರೈತನ ಹಣ ಮಣ್ಣುಪಾಲು. ಯೂರಿಯಾವನ್ನು ಧಾರಾಳವಾಗಿ ಹಾಕಿದರಂತೂ ಗಿಡವು ಗಂಟು ಕಟ್ಟುವ ಗೊಡವೆಗೇ ಹೆಚ್ಚು ಹೋಗದು.

ಹೊಲವಿಲ್ಲದ ನಾವೂ ಇದನ್ನು ಪರೀಕ್ಷಿಸಬಹುದು. ಎರಡು ಡಬ್ಬಿಗಳ ತಳಕ್ಕೆ ತೂತು ಮಾಡಿ, ಒಂದಕ್ಕೆ ತೋಟದ ಮಣ್ಣನ್ನೂ, ಇನ್ನೊಂದಕ್ಕೆ ತೊಳೆದು ಚೆನ್ನಾಗಿ ಕುದಿಸಿದ ಮರಳನ್ನೂ ತುಂಬಿ, ಹೆಸರುಕಾಳು ಬಿತ್ತೋಣ. ಮರಳಿನ ಡಬ್ಬಿಗೆ ಕಾಯಿಸಿ ಆರಿಸಿದ ನೀರನ್ನೇ ಹಾಕಬೇಕು. ಒಂದು ತಿಂಗಳಾದ ಮೇಲೆ ಗಿಡಗಳನ್ನು ಮಣ್ಣುಸಹಿತ ಎತ್ತಿ, ನೀರಿನಲ್ಲಿ ಅದ್ದಿ ಬೇರು ಬಿಡಿಸೋಣ. ಮರಳಿನ ಗಿಡದಲ್ಲಿ ಗಂಟು ಸಿಗುವುದು ಅಪರೂಪ. ಮಣ್ಣಿನ ಗಿಡದಲ್ಲಿ ಸಿಕ್ಕರೆ ಬ್ಲೇಡಿನಿಂದ ಜೋಪಾನವಾಗಿ ಕುಯ್ದು ಬಣ್ಣವನ್ನು ನೋಡಬೇಕು. ಕೆಂಪಾಗಿದ್ದರೆ ಒಳಗೆ ದುಡಿಮೆ ನಡೆದಿದೆ. ಹಸಿರಾಗಿದ್ದರೆ ಗಂಟಿಗೆ ಮುಪ್ಪಡರಿದೆ. ದೊಡ್ಡದಾಗಿದ್ದೂ ಬಿಳುಪಾಗಿದ್ದರೆ, ಗಿಡದ ಮನೆಗೆ ಸೋಮಾರಿ ಸೇರಿಕೊಂಡಿದೆ.