ಹೆಂಗಸರು ಹೊದಿಸಿದ ಕಡಲಹುಲ್ಲಿನ ಮಾಡು

ಡೆನ್ಮಾರ್ಕಿಗೆ ಸೇರಿದ ಲೇಸೊ ದ್ವೀಪ ಕಾಟ್ಟೆಗಾಟ್ ಕಡಲಿನಲ್ಲಿದೆ. ಅಲ್ಲಿನ ಹಳೆಯ ಮನೆಗಳಲ್ಲಿ ಗೋಡೆಗಿಂತ ಮೊದಲು ಕಣ್ಣಿಗೆ ಬೀಳುವುದು ಮಾಡು. ಕೆಲವೆಡೆ ಮೀಟರಿನಷ್ಟು ದಪ್ಪ, ಬೂದು ಬಣ್ಣ, ಹತ್ತಾರು ಟನ್ ತೂಕ. ಬಿರುಗಾಳಿ ಕಳೆದ ಮೇಲೆ ಅಲೆಗಳು ದಡಕ್ಕೆ ತಂದೊಟ್ಟಿದ ಕಡಲಹುಲ್ಲನ್ನೇ ಅದಕ್ಕೆ ಹೊದಿಸಿದ್ದಾರೆ. ನಮ್ಮ ಕರಾವಳಿಯ ಮುಳಿಹುಲ್ಲಿನ ಮಾಡನ್ನು ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಹೊದಿಸಬೇಕಿತ್ತು. ಲೇಸೊದ ಕೆಲವು ಮಾಡುಗಳಿಗೆ 200 ವರ್ಷ ದಾಟಿದೆ.

ದ್ವೀಪದವರು ಈ ಹುಲ್ಲಿಗೆ ಕೈ ಹಾಕಿದ್ದು ಕಾಡು ಬರಿದಾದ ಮೇಲೆ. ಮಧ್ಯಯುಗದಿಂದ ಲೇಸೊ ಬದುಕಿದ್ದು ಉಪ್ಪಿನಿಂದ. ಉಪ್ಪುನೀರು ಕುದಿಸುವ ಒಲೆಗಳಿಗೆ ಮರವೆಲ್ಲ ಸೌದೆಯಾಯಿತು. ತೊಲೆ, ಕಂಬಗಳಿಗೆ ಒಡೆದ ಹಡಗುಗಳ ಮರ ಒದಗಿತು. ಗಂಡಸರು ಕಡಲ ಮೇಲಿರುತ್ತಿದ್ದರು, ಮಾಡು ಹೊದಿಸುವ ವಿದ್ಯೆ ಹೆಂಗಸರದು. ಬಾಚಿ ತಂದ ಹುಲ್ಲನ್ನು ಹೊಲದಲ್ಲಿ ಹರವಿ ಮಳೆಗೆ ತೊಳೆಯಬಿಟ್ಟು, ಬಿಸಿಲಿಗೆ ಒಣಗಿಸುತ್ತಿದ್ದರು. ಆಮೇಲೆ ನೆರೆಹೊರೆಯ ಹೆಂಗಸರೆಲ್ಲ ಕೂಡಿ, ಅದನ್ನು ದಪ್ಪ ಹುರಿಗಳಾಗಿ ಹೊಸೆದು ಕೆಳಗಿನ ರೀಪುಗಳಿಗೆ ಬಿಗಿಯುತ್ತಿದ್ದರು. ಅದರ ಮೇಲೆ ಬಿಡಿ ಹುಲ್ಲು ಪೇರಿಸಿ, ತುಳಿದು ಗಟ್ಟಿ ಮಾಡುತ್ತಿದ್ದರು. ಹುಲ್ಲಿಗಂಟಿದ ಉಪ್ಪು ಅದನ್ನು ಕೊಳೆಯಗೊಡುವುದಿಲ್ಲ. ಬೆಂಕಿಯೂ ಸುಲಭಕ್ಕೆ ಹತ್ತದು. ಇಂಥ ಸೂರು ಕಟ್ಟಿದವರನ್ನು ವಾಸ್ತುಶಿಲ್ಪಿಗಳೆಂದೇ ಕರೆಯಬೇಕು. ಅವರ ಹೆಸರುಗಳು ಮಾತ್ರ ನಮಗೆ ಸಿಗುವುದಿಲ್ಲ.

ಕಡಲಹುಲ್ಲು ಪಾಚಿಯಲ್ಲ. ಬೇರು, ಹೂವು, ಬೀಜ ಎಲ್ಲವೂ ಇರುವ, ನೀರೊಳಗೇ ಬೆಳೆಯುವ ಗಿಡ. ವೆನಿಸ್ಸಿನವರು ಗಾಜಿನ ಸಾಮಾನು ಒಡೆಯದಿರಲೆಂದು ಮೆಡಿಟರೇನಿಯನ್ನಿನ ಪೊಸಿಡೋನಿಯಾ ಹುಲ್ಲನ್ನು ಸುತ್ತಿ ಕಳಿಸುತ್ತಿದ್ದರು. ಅದರ ದಾಯಾದಿ ಈಲ್‌ಗ್ರಾಸ್. ಲೇಸೊದ ಮಾಡುಗಳಿಗೆ ಹೊದಿಸಿದ್ದೂ ಇದನ್ನೇ. ಡಚ್ಚರು ಇದರಿಂದ ಕಡಲಿಗೆ ಒಡ್ಡು ಕಟ್ಟಿದರು. ಮೆಕ್ಸಿಕೋದ ಸೆರಿ ಜನ ಈಲ್‌ಗ್ರಾಸಿನ ಬೀಜ ಬೀಸಿ ಹಿಟ್ಟು ಮಾಡಿ ಉಂಡರು.

1930ರ ದಶಕದಲ್ಲಿ ಒಂದು ರೋಗ ಬಂತು. ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಈಲ್‌ಗ್ರಾಸಿನ ಬಹುಪಾಲು ಸತ್ತುಹೋಯಿತು. ಲೇಸೊದ ದಡಕ್ಕೆ ಹುಲ್ಲು ಬರುವುದು ನಿಂತಿತು. ಹೊದಿಸಲು ಹುಲ್ಲೇ ಇಲ್ಲದ ಮೇಲೆ ಕಲಿಸುವವರೂ ಕಲಿಯುವವರೂ ಇಲ್ಲವಾದರು. ಒಂದು ಕಾಲಕ್ಕೆ ಇನ್ನೂರಕ್ಕೂ ಹೆಚ್ಚಿದ್ದ ಈ ಮನೆಗಳಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಗಿಂತ ತುಸು ಹೆಚ್ಚು.

ಈಚಿನ ವರ್ಷಗಳಲ್ಲಿ ದ್ವೀಪದವರು ಹುರಿ ಹೊಸೆಯುವುದನ್ನು ಮತ್ತೆ ಕಲಿತು, ಹಳೆಯ ಮಾಡುಗಳನ್ನು ಒಂದೊಂದಾಗಿ ದುರಸ್ತಿ ಮಾಡುತ್ತಿದ್ದಾರೆ. 2013ರಲ್ಲಿ ಇದೇ ಹುಲ್ಲಿನಿಂದ ಹೊಸ ಕಾಲದ ಮನೆಯೊಂದನ್ನೂ ಅಲ್ಲಿ ಕಟ್ಟಲಾಯಿತು. ದುರಸ್ತಿಗೆ ಬೇಕಾದಷ್ಟು ಹುಲ್ಲು ಲೇಸೊದ ದಡದಲ್ಲಿ ಸಿಗುವುದಿಲ್ಲ. ಡೆನ್ಮಾರ್ಕಿನ ದಕ್ಷಿಣದ ದಡಗಳಲ್ಲಿ ಬಾಚಿ, ಒಣಗಿಸಿ, ಕಟ್ಟುಕಟ್ಟಿ ಅಲ್ಲಿಗೆ ತರಿಸಬೇಕಾಗಿದೆ.